ಅಣ್ಣ ಕಟ್ಟಿದ ಅರ್ತ್ ಪಟ್ಟಿ

ಬೇಸಿಗೆ ಕೊನೆಗಾಲಕ್ಕೆ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಶೆಡ್ಡಿನ ತಗಡು ಕಾದು ಟಕ್ ಟಕ್ ಎನ್ನುತ್ತಿತ್ತು. ಮಧ್ಯಾಹ್ನಕ್ಕೆ ಬೆಟ್ಟಸಾಲಿನ ಮೇಲೆ ಮೋಡ ಬಂದು ಕೂರುತ್ತಿತ್ತು. ಸಂಜೆಗೆ ಒಂದು ಹನಿಯನ್ನೂ ಉದುರಿಸದೆ ಎದ್ದು ಹೋಗುತ್ತಿತ್ತು. ವೈರಿಂಗ್ ಮೇಸ್ತ್ರಿ ದನದಾಸ್ಪತ್ರೆಯ ಹಳೇ ಜೀಪಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದು ಅದು ಎರಡನೆಯ ದಿನ.

ಜೀಪಿನ ಹಿಂಭಾಗದಲ್ಲಿ ಔಷಧದ ಫ್ರಿಜ್ ಕೂರಿಸಿದ್ದರು. ಫ್ರಿಜ್ಜಿಗೆಂದು ಎರಡನೆಯ ಬ್ಯಾಟರಿ ಬಂತು. ಎರಡು ಬ್ಯಾಟರಿಗಳ ಹೊಟ್ಟೆ ತುಂಬಿಸಲು ದೊಡ್ಡ ಆಲ್ಟರ್ನೇಟರ್ ಬಂತು. ಸೊಸೆ ಬಂದಮೇಲೆ ಮನೆಯ ಪಾತ್ರೆಯೆಲ್ಲ ಬದಲಾದ ಹಾಗೆ, ಆಮೇಲೆ ಹಳೆಯ ವೈರು ಯಾವುದೂ ಸಾಲದಾಯಿತು. ಮೇಸ್ತ್ರಿ ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ ಅಳೆದು ಕತ್ತರಿಸಿದ, ತುದಿಗೆ ಬೋಲ್ಟು ತೂರುವ ತಾಮ್ರದ ಲಗ್ ಒತ್ತಿದ, ಗಾಡಿಯ ಅಡಿಚೌಕಟ್ಟಾದ ಚಾಸಿಯ ಮೇಲೆ ಬಿಲ್ಲೆಯಗಲ ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿದ, ಬ್ಯಾಟರಿಯ ಮೈನಸ್ಸನ್ನು ತಂದು ಅಲ್ಲಿಗೆ ಬಿಗಿದ.

ಡಾಕ್ಟರಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನಲವತ್ತು ದಾಟಿದ ಹೆಂಗಸು. ದನ ಕುರಿಗಳ ಜೊತೆ ಗುದ್ದಾಡಿ ಮಾತೂ ಅಷ್ಟೇ ನೇರ.

"ಅರ್ತ್ ವೈರಿಗೆ ಇಷ್ಟು ದಪ್ಪ ಯಾಕ್ರೀ?"

"ಕರೆಂಟು ಹೋದ್ರೆ ಸಾಲದು ಡಾಕ್ಟರಮ್ಮ, ವಾಪಸ್ಸೂ ಬರ್ಬೇಕಲ್ಲ. ಹೋಗೋ ದಾರೀನ ರಾಜಬೀದಿ ಮಾಡಿ, ಬರೋ ದಾರೀನ ಇಲಿಬಿಲ ಮಾಡಿದ್ರೆ ಬ್ಯಾಟರಿ ತುಂಬೋದೇ ಇಲ್ಲ."

"ತುಂಬ್ಲೇಬೇಕು," ಎಂದರು ಅವರು. "ಮೇಲಿನ ಹುಲ್ಲುಗಾವಲಲ್ಲಿ ಕುರಿಗಳಿಗೆ ಸಿಡುಬು ಶುರುವಾಗಿದೆ. ನಾಲ್ಕು ಹಿಂಡು, ಸಾವಿರದ ಆರುನೂರರ ಹತ್ತಿರ. ಲಸಿಕೆ ತಣ್ಣಗೆ ಮೇಲೆ ಹತ್ತಬೇಕು. ಬಿಸಿಯಾದ್ರೆ ಅದೂ ಒಂದೇ, ಬಾವಿ ನೀರೂ ಒಂದೇ. ಮಳೆ ಹಿಡಿದ್ರೆ ಹಳ್ಳ ತುಂಬಿ ಮೂರು ತಿಂಗಳು ದಾರಿ ಬಂದ್. ಅಷ್ಟರೊಳಗೆ ಹೋಗಿ ಬರಬೇಕು. ವೈರಿಂಗ್ ಮಾಡಿದವರು ನೀವು, ನೀವೂ ಬರ್ತೀರಿ."

"ನಾನಾ?"

"ಬಾರೋ ಭಾಮೈದ," ಎಂದು ಜೀಪಿನ ಡ್ರೈವರ್ ನಕ್ಕ. ಅವನು ಮೇಸ್ತ್ರಿಯ ಅಕ್ಕನ ಗಂಡ. "ನಿಮ್ಮಕ್ಕ ಹೇಗೂ ನಿನ್ನ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸ್ಕೋತಾಳೆ. ನೀನೂ ಸ್ವಲ್ಪ ದಾರಿ ಧೂಳು ತಿನ್ನು."

"ಮೊದಲು ನೀವು ಆ ಸೀಟಿಂದ ಇಳೀರಿ ಭಾವ. ನಿಮ್ಮ ತೂಕಕ್ಕೇ ಅರ್ಧ ಬ್ಯಾಟರಿ ಇಳಿಯುತ್ತೆ."

ಒಂದು ಕೆಲಸ ಉಳಿದಿತ್ತು. ಇಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ಅದಕ್ಕೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಸೇತುವೆಯ ಹಾಗೆ ಇರಬೇಕು. ಆಲ್ಟರ್ನೇಟರ್ ಇರುವುದು ಇಂಜಿನ್ನಿನ ಮೈಮೇಲೆ. ಅದರ ಕರೆಂಟೆಲ್ಲ ಹಿಂದಿರುಗುವುದು ಈ ಸೇತುವೆಯ ಮೇಲೆಯೇ.

ಮೇಸ್ತ್ರಿ ಪಾನಾ ಹಿಡಿದು ಕೆಳಗೆ ತೂರಿದ. ಪಟ್ಟಿ ಕಂಡಿತು. ಮೇಲೆ ಕಪ್ಪು ಟೇಪು, ಟೇಪಿನ ಮೇಲೆ ಮೇಣದ ದಾರದ ಮೂರು ಕಟ್ಟು, ಪ್ರತಿ ಕಟ್ಟಿಗೂ ಎಡಕ್ಕೆ ಮಡಿಸಿದ ಗಂಟು. ಅಣ್ಣನ ಕೈ. ಅವನಿಗೆ ಪಾನಾ ಹಿಡಿಯಲು ಕಲಿಸಿದ ಅಣ್ಣ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅವನು ಕಟ್ಟಿದ ಗಾಡಿಗಳೆಲ್ಲ ಒಂದೊಂದಾಗಿ ಗುಜರಿ ಸೇರಿದ್ದವು. ಅವನ ಗಂಟು ಇನ್ನೂ ಓಡಾಡುತ್ತಿದ್ದದ್ದು ಇದೊಂದೇ ಗಾಡಿಯಲ್ಲಿ.

ಸುತ್ತಿದ್ದನ್ನು ನಂಬಬೇಡ, ಬಿಚ್ಚಿ ನೋಡು ಎಂದು ಹೇಳಿಕೊಟ್ಟವನೂ ಅಣ್ಣನೇ. ಮೇಸ್ತ್ರಿಗೆ ಆ ಮಾತು ನೆನಪಾಗದೆ ಇರಲಿಲ್ಲ. ಪಟ್ಟಿಯನ್ನು ಹಿಡಿದು ಎರಡು ಸಲ ಜಗ್ಗಿದ. ಅಲುಗಲಿಲ್ಲ.

"ಅದನ್ನ ಬದಲಾಯಿಸಲ್ವಾ?" ಎಂದು ಡಾಕ್ಟರಮ್ಮ ಬಗ್ಗಿ ಕೇಳಿದರು.

"ಅದು ಗಟ್ಟಿಯಾಗಿದೆ," ಎಂದ ಮೇಸ್ತ್ರಿ. ಪಾನಾ ತಿರುಗಿ ಪೆಟ್ಟಿಗೆ ಸೇರಿತು.

ಮಾರನೆಯ ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಹೊರಟರು. ಫ್ರಿಜ್ಜಿನೊಳಗೆ ಲಸಿಕೆಯ ನಾಲ್ಕು ಟ್ರೇ, ಹಿಂಡಿಗೊಂದರಂತೆ. ಪಕ್ಕದ ಚೀಲದಲ್ಲಿ ಐಸ್ ತುಂಬಿದ ಪೊಟ್ಟಣಗಳು. ಅಕ್ಕ ಬುತ್ತಿ ಕಟ್ಟಿಕೊಟ್ಟು, ಗಂಡನಿಗೆ ನಿಧಾನ ಎಂದೂ, ತಮ್ಮನಿಗೆ ಬೇಗ ಬಾ ಎಂದೂ ಹೇಳಿ ಒಳಗೆ ಹೋದಳು.

ಊರು ಮುಗಿದ ಮೇಲೆ ಕಲ್ಲು ಕ್ವಾರಿ, ಕ್ವಾರಿಯ ಆಚೆ ಕುರುಚಲು ಕಾಡು. ಎಲೆಯುದುರಿ ಬೋಳಾದ ಮರಗಳ ನಡುವೆ ಬಿಳಿ ಹಾದಿ ಸುತ್ತಿ ಸುತ್ತಿ ಏರುತ್ತಿತ್ತು. ಎರಡು ವರ್ಷದ ಹಿಂದೆ ಬೆಂಕಿ ಬಿದ್ದಿದ್ದ ಇಳಿಜಾರಿನಲ್ಲಿ ಕಾಂಡಗಳು ಇನ್ನೂ ಕರ್ರಗೆ ನಿಂತಿದ್ದವು, ಅವುಗಳ ಬುಡದಲ್ಲಿ ಹುಲ್ಲು ಚಿಗುರಿರಲಿಲ್ಲ. ಹಕ್ಕಿಯ ಸದ್ದು ಕೇಳಲಿಲ್ಲ. ಮೋಡ ಇಂದು ಮಧ್ಯಾಹ್ನದವರೆಗೆ ಕಾಯದೆ ಬೆಳಿಗ್ಗೆಯೇ ಬಂದಿತ್ತು. ಬಿಸಿಲಿಲ್ಲ, ಆದರೆ ಗಾಳಿಯಿಲ್ಲದ ಸೆಕೆ ಒದ್ದೆ ಕಂಬಳಿಯಂತೆ ಮೈಗೆ ಅಂಟುತ್ತಿತ್ತು. ಹಿಂದೆ ಫ್ರಿಜ್ಜು ಮಾತ್ರ ಮುದುಕಿಯ ಹಾಗೆ ತನ್ನಷ್ಟಕ್ಕೆ ಗೊಣಗುತ್ತಿತ್ತು.

ಒಂಬತ್ತು ಗಂಟೆಗೆ ಹಳ್ಳ ಸಿಕ್ಕಿತು. ನೀರು ಮೊಣಕಾಲಷ್ಟೇ. ಆದರೆ ಆಚೆ ದಡದ ಕೆಸರು ಜೀಪಿನ ಹಿಂದಿನ ಗಾಲಿಗಳನ್ನು ನುಂಗಿತು. ಭಾವ ಮುಂದಿನ ಬಂಪರಿನ ವಿಂಚ್ ಬಿಚ್ಚಿ, ಅದರ ಉಕ್ಕಿನ ಹಗ್ಗವನ್ನು ಮರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ವಿಂಚು ನರಳುತ್ತಾ ಜೀಪನ್ನು ಗೇಣುಗೇಣಾಗಿ ಮೇಲಕ್ಕೆ ಎಳೆಯಿತು. ಅರ್ಧ ಗಂಟೆಯಲ್ಲಿ ಬ್ಯಾಟರಿ ಎರಡೂ ಸೊರಗಿದವು.

"ಪರವಾಗಿಲ್ಲ," ಎಂದ ಮೇಸ್ತ್ರಿ. "ಹೊಸ ಆಲ್ಟರ್ನೇಟರ್ ಇದೆಯಲ್ಲ. ಒಂದು ಗಂಟೆ ಓಡಿದ್ರೆ ತುಂಬಿಸುತ್ತೆ."

ಒಂದು ಗಂಟೆ ಓಡಿತು. ಫ್ರಿಜ್ಜಿನ ಮೇಲಿನ ಅಂಕಿ ಏರಲಿಲ್ಲ. ಹನ್ನೊಂದೂಮುಕ್ಕಾಲು ವೋಲ್ಟ್. ಹನ್ನೊಂದೂವರೆ. ಮೇಸ್ತ್ರಿ ಮುಂದಕ್ಕೆ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದ. ಬ್ಯಾಟರಿಯ ಕೆಂಪು ದೀಪ ಬೆಳಕೋ ಅಲ್ಲವೋ ಎನ್ನುವಷ್ಟು ಸಣ್ಣಗೆ ಮಿಣುಕುತ್ತಿತ್ತು.

"ಭಾವ, ಎಲ್ಲಾದ್ರೂ ಸಮತಟ್ಟು ಸಿಕ್ಕರೆ ನಿಲ್ಲಿಸಿ."

"ಇಲ್ಲಿ ಎಲ್ಲಿದೆಯಪ್ಪ ಸಮತಟ್ಟು?"

ಎಡಕ್ಕೆ ಬಂಡೆಯ ಗೋಡೆ. ಬಲಕ್ಕೆ ಏನೂ ಇಲ್ಲ. ಹಾದಿ ಜೀಪಿನಗಲಕ್ಕಿಂತ ಒಂದು ಮೊಳ ಹೆಚ್ಚು, ಅಷ್ಟೇ. ಕೆಳಗೆ ಕಣಿವೆಯ ತಳದಲ್ಲಿ ಮಂಜು ತುಂಬಿತ್ತು.

ರಬ್ಬರ್ ಸುಟ್ಟ ವಾಸನೆ ಬಂತು.

"ಏನೋ ಸುಡ್ತಿದೆ," ಎಂದರು ಡಾಕ್ಟರಮ್ಮ.

ಎದುರಿಗೆ ತಿರುವು. ಭಾವ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ.

ಇಂಜಿನ್ನು ನಿಧಾನವಾಗಲಿಲ್ಲ.

ಪೆಡಲು ಒಳಗೇ ಕಚ್ಚಿಕೊಂಡಿತ್ತು. ಜೀಪು ಬೆನ್ನಿಗೆ ಬಾರುಕೋಲು ಬಿದ್ದ ಎತ್ತಿನಂತೆ ಮುನ್ನುಗ್ಗಿತು. ಭಾವ ಕ್ಲಚ್ ಒತ್ತಿದ, ಬ್ರೇಕ್ ತುಳಿದ. ಭಾರ ಬಿಟ್ಟ ಇಂಜಿನ್ನು ಕಿಟಾರನೆ ಕಿರುಚಿತು. ಗಾಲಿಗಳು ಜಲ್ಲಿಯ ಮೇಲೆ ಜಾರಿದವು.

"ಆರಿಸಿ! ಆರಿಸಿ!"

ಹಳೆಯ ಡೀಸೆಲ್ ಗಾಡಿ. ಬೀಗದ ಕೈ ತಿರುಗಿಸಿದರೆ ನಿಲ್ಲುವುದಿಲ್ಲ, ಡ್ಯಾಶ್‌ಬೋರ್ಡಿನ ಕೆಳಗಿನ ಗುಂಡಿ ಎಳೆಯಬೇಕು. ಭಾವ ಗುಂಡಿಗೆ ಕೈಹಾಕಿ ಎಳೆದ. "ಅಯ್ಯೋ!" ಎಂದು ಕೈ ಕಿತ್ತುಕೊಂಡ.

ಡಾಕ್ಟರಮ್ಮ ಹಿಂದಿನಿಂದ ಟವೆಲ್ ಎಸೆದರು. ಅವನು ಟವೆಲ್ ಸುತ್ತಿ ಎರಡನೆಯ ಸಲ ಎಳೆದ. ಇಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು.

ಸದ್ದು ನಿಂತಾಗ ಕಲ್ಲು ಉರುಳುವುದು ಕೇಳಿಸಿತು. ಬಲಗಡೆಯ ಮುಂದಿನ ಗಾಲಿಯ ಅಡಿಯಿಂದ ಒಂದೊಂದೇ ಕಲ್ಲು ಬಿದ್ದು, ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ತಾಗುತ್ತಿತ್ತು.

"ಯಾರೂ ಬಲಕ್ಕೆ ವಾಲಬೇಡಿ," ಎಂದ ಭಾವ, ಪಿಸುಮಾತಿನಲ್ಲಿ. "ಭಾಮೈದ, ಎಡಗಡೆಯಿಂದ ಇಳಿ. ಗಾಲಿಗೆ ಕಲ್ಲು ಕೊಡು."

ಮೇಸ್ತ್ರಿ ಹಾವಿನಂತೆ ಸರಿದು ಇಳಿದ. ಬಂಡೆಯ ಬುಡದಿಂದ ಕಲ್ಲು ಹೊತ್ತು ತಂದು ನಾಲ್ಕು ಗಾಲಿಗೂ ಕೊಟ್ಟ. ಆಮೇಲೆ ಮೂವರೂ ಗೋಡೆಗೆ ಒರಗಿ ಕುಳಿತರು. ಭಾವನ ಅಂಗೈಯಲ್ಲಿ ಗುಂಡಿಯ ಅಚ್ಚು ಕೆಂಪಗೆ ಎದ್ದಿತ್ತು.

"ಗುಂಡಿ ಕೆಂಡವಾಗಿತ್ತಲ್ಲೋ! ಒಂದು ಗುಂಡಿ ಯಾಕೆ ಕಾಯುತ್ತೆ?"

ಮೇಸ್ತ್ರಿ ಎದ್ದು ಜೀಪಿನ ಮುಂಭಾಗಕ್ಕೆ ನಡೆದ. ಬಾನೆಟ್ ಎತ್ತುವುದಕ್ಕೆ ಮೊದಲೇ ಅವನಿಗೆ ಗೊತ್ತಾಗಿತ್ತು. ಕರೆಂಟು ಹೇಗಾದರೂ ವಾಪಸ್ಸು ಬರಲೇಬೇಕು. ದೊಡ್ಡ ದಾರಿ ಮುರಿದರೆ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಇಂಜಿನ್ನಿನಿಂದ ಗಾಡಿಯ ಮೈಗೆ ಬರುವ ಕಬ್ಬಿಣದ ತಂತಿಗಳೆಂದರೆ ಎರಡೇ: ಆಕ್ಸಿಲರೇಟರಿನದು, ಗುಂಡಿಯದು. ಸೊರಗಿದ ಬ್ಯಾಟರಿ ಎಳೆದುಕೊಂಡ ಅಷ್ಟೂ ಕರೆಂಟು ಆ ಎರಡು ಎಳೆಗಳ ಮೇಲೆ ಹೊರಳಿ ಅವನ್ನು ಕಾಯಿಸಿತ್ತು. ಆಕ್ಸಿಲರೇಟರಿನ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಯನ್ನು ಕಚ್ಚಿತ್ತು.

ಅವನು ಜೀಪಿನ ಕೆಳಗೆ ಮಲಗಿ ತೂರಿದ. ಪಟ್ಟಿ ಇದ್ದಲ್ಲೇ ಇತ್ತು. ಮೇಣದ ಮೂರು ಕಟ್ಟೂ ಇದ್ದಲ್ಲೇ ಇದ್ದವು. ಚಾಕುವಿನಿಂದ ಮೊದಲ ಗಂಟು ಕೊಯ್ದ, ಎರಡನೆಯದು ಕೊಯ್ದ. ಟೇಪು ಬಿಚ್ಚುತ್ತಿದ್ದಂತೆ ಹಸಿರು ಪುಡಿ ಅವನ ಕಣ್ಣು ಬಾಯಿಗೆ ಉದುರಿತು. ಒಳಗೆ ತಾಮ್ರವೆಂಬುದು ಇರಲಿಲ್ಲ. ನಾಲ್ಕೈದು ಎಳೆ ಉಳಿದಿದ್ದವು, ಅವೂ ಕರ್ರಗೆ ಸುಟ್ಟಿದ್ದವು. ಪಟ್ಟಿಯನ್ನು ಇಷ್ಟು ದಿನ ಹಿಡಿದಿಟ್ಟದ್ದು ಟೇಪು, ದಾರ.

ಹೊರಗೆ ಬಂದು ಅದನ್ನು ಕಲ್ಲಿನ ಮೇಲಿಟ್ಟ.

"ಭಾವ, ನಾನಿದನ್ನ ಬಿಚ್ಚಿ ನೋಡ್ಲಿಲ್ಲ."

ಭಾವ ಗಂಟನ್ನು ನೋಡಿದ ಕೂಡಲೇ ಗುರುತಿಸಿದ. ಬೈಯಲು ತೆರೆದ ಬಾಯಿ ಮುಚ್ಚಿ, ಹಸಿರು ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಅವನಿದ್ದಿದ್ರೆ ನಿನ್ನ ಕಪಾಳಕ್ಕೆ ಬಾರಿಸ್ತಿದ್ದ," ಎಂದ ಕೊನೆಗೆ.

"ಬಾರಿಸ್ತಿದ್ದ."

"ಜಗಳ ಆಮೇಲೆ ಆಡ್ಕೊಳ್ಳಿ," ಎಂದರು ಡಾಕ್ಟರಮ್ಮ ಒಳಗಿನಿಂದ. "ಫ್ರಿಜ್ ನಿಂತಿದೆ. ಎಷ್ಟು ಹೊತ್ತು ಬೇಕು?"

"ನಾಲ್ಕು ಗಂಟೆ. ಐದೂ ಆಗಬಹುದು."

ಅವರು ಐಸ್ ಪೊಟ್ಟಣ ಎಣಿಸಿದರು. ಕೈಯಿಂದ ಒತ್ತಿ ನೋಡಿದರು, ಅರ್ಧಕ್ಕರ್ಧ ನೀರಾಗಿದ್ದವು. ಒಂದು ಟ್ರೇ ಹೊರಗೆ ತೆಗೆದು ಸೀಟಿನ ಮೇಲಿಟ್ಟರು. ಉಳಿದ ಮೂರು ಟ್ರೇಗಳನ್ನು ಒತ್ತಾಗಿ ಜೋಡಿಸಿ, ಎಲ್ಲ ಪೊಟ್ಟಣಗಳನ್ನೂ ಅವುಗಳ ಸುತ್ತ ತುರುಕಿ, ಮುಚ್ಚಳ ಹಾಕಿ, ಮೇಲೆ ಮೂವರ ಹೊದಿಕೆಗಳನ್ನೂ ಹೊದಿಸಿದರು.

"ಅದು?" ಎಂದ ಮೇಸ್ತ್ರಿ, ಸೀಟಿನ ಮೇಲಿನ ಟ್ರೇ ತೋರಿಸಿ.

"ಇರೋ ಐಸನ್ನ ನಾಲ್ಕಕ್ಕೂ ಹಂಚಿದ್ರೆ ನಾಲ್ಕೂ ಹೋಗುತ್ತೆ. ನೀವು ನಿಮ್ಮ ಕೆಲಸ ಮಾಡಿ."

ದಪ್ಪ ಕೇಬಲ್ ಬೇಕು. ಪೆಟ್ಟಿಗೆಯಲ್ಲಿದ್ದದ್ದು ಕಿರುಬೆರಳಿನಷ್ಟೂ ಇಲ್ಲ. ಮೇಸ್ತ್ರಿಯ ಕಣ್ಣು ಬಂಪರಿನ ಮೇಲೆ ಬಿತ್ತು. ವಿಂಚಿಗೆ ಹೋಗುವ ಎರಡು ಕೇಬಲ್ಲುಗಳು, ಒಳ್ಳೆಯ ತಾಮ್ರ.

"ಬೇಡ," ಎಂದ ಭಾವ, ಅವನ ಕಣ್ಣು ಹೋದ ಕಡೆ ನೋಡಿ. "ವಾಪಸ್ ಹೋಗೋವಾಗ ಆ ಹಳ್ಳ ಹೇಗೆ ದಾಟ್ತೀಯ? ನಿಮ್ಮಕ್ಕ ಬಂದು ಎಳೀತಾಳಾ?"

"ವಾಪಸ್ ಹೋಗೋಕೆ ಮೊದಲು ಇಂಜಿನ್ ಸ್ಟಾರ್ಟ್ ಆಗ್ಬೇಕಲ್ಲ ಭಾವ."

ಇಬ್ಬರೂ ಡಾಕ್ಟರಮ್ಮನ ಮುಖ ನೋಡಿದರು. ಅವರು ಮೋಡ ನೋಡಿದರು. "ಕೊಯ್ಯಿರಿ," ಎಂದರು.

ಗರಗಸದ ಬ್ಲೇಡಿನಲ್ಲಿ ತಾಮ್ರ ಕೊಯ್ಯುವುದು ತಾಳ್ಮೆಯ ಕೆಲಸ. ಲಗ್ ಇಲ್ಲದ ತುದಿಗಳನ್ನು ಮೇಸ್ತ್ರಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದ, ಬೋಲ್ಟಿಗೆ ಸುತ್ತಿ ಎರಡು ವಾಷರ್ ನಡುವೆ ಬಿಗಿಯುವಂತೆ ಕೊಕ್ಕೆ ಬಾಗಿಸಿದ. ಒಂದು ಕೇಬಲ್ಲನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಇಂಜಿನ್ನಿಗೇ ತಂದ, ಆಲ್ಟರ್ನೇಟರ್ ಕೂತ ಬ್ರಾಕೆಟ್ಟಿನ ಬೋಲ್ಟಿಗೆ. ಇನ್ನೊಂದನ್ನು ಎರಡು ತುಂಡು ಮಾಡಿ, ಎರಡೂ ಒಟ್ಟಿಗೆ ಇಂಜಿನ್ನಿನಿಂದ ಚಾಸಿಗೆ. ಪ್ರತಿಯೊಂದು ಜಾಗದಲ್ಲೂ ಎಣ್ಣೆ, ಬಣ್ಣ, ತುಕ್ಕು ಹೋಗುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿದ. ಬೆರಳಿನ ಗೆಣ್ಣು ಕಿತ್ತು ರಕ್ತ ಬಂತು. ಒಂದು ಕಡೆಯೂ ಟೇಪು ಸುತ್ತಲಿಲ್ಲ.

ಕರಗಿದ ಆಕ್ಸಿಲರೇಟರ್ ಕೇಬಲ್ಲಿನ ಬದಲು ಉಕ್ಕಿನ ತೆಳು ತಂತಿಯನ್ನು ಡೀಸೆಲ್ ಪಂಪಿನ ಕೊಂಡಿಯಿಂದ ಪೆಡಲಿಗೆ ನೇರ ಕಟ್ಟಿದ. ನಾಲ್ಕು ಗಂಟೆಯ ಸುಮಾರಿಗೆ ಎದ್ದು ನಿಂತಾಗ ಅವನ ಬೆನ್ನು ಬಾಗಿಲಿನ ಹಾಗೆ ಕಿರುಗುಟ್ಟಿತು.

"ಸೆಲ್ಫ್ ಹೊಡೀರಿ ಭಾವ."

ಬ್ಯಾಟರಿಯಲ್ಲಿ ಉಳಿದಿದ್ದ ಕೊನೆಯ ಉಸಿರು. ಸೆಲ್ಫ್ ಒಮ್ಮೆ ನರಳಿತು. ಇನ್ನೊಮ್ಮೆ. ಮೂರನೆಯದಕ್ಕೆ ಇಂಜಿನ್ ಹಿಡಿಯಿತು. ಮೇಸ್ತ್ರಿ ಮೀಟರಿನ ಕಡ್ಡಿ ಹಿಡಿದು ನಿಂತ. ಹನ್ನೆರಡು. ಹದಿಮೂರು. ಹದಿಮೂರೂಮುಕ್ಕಾಲು. ಗುಂಡಿಗೆ ಕೈಯಿಟ್ಟು ನೋಡಿದ, ತಣ್ಣಗಿತ್ತು. ಫ್ರಿಜ್ಜು ಮತ್ತೆ ಗೊಣಗತೊಡಗಿತು.

ಭಾವ ಬೆಂದ ಕೈಯಲ್ಲೇ ಜೀಪನ್ನು ಒಂದೊಂದೇ ಗೇಣು ಹಿಂದಕ್ಕೆ ತೆಗೆದು, ಗೋಡೆಗೆ ಒತ್ತಿಸಿ, ತಿರುವು ದಾಟಿಸಿದ. ಅಣ್ಣನ ಪಟ್ಟಿ ಕಲ್ಲಿನ ಮೇಲೆ ಬಿದ್ದಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಹುಲ್ಲುಗಾವಲು ಎಂದರೆ ಮೇಸ್ತ್ರಿಯ ಮನಸ್ಸಿನಲ್ಲಿ ಹಸಿರಿತ್ತು. ಕಂಡದ್ದು ಬೂದು ಬಣ್ಣದ ಬಯಲು, ದಿಗಂತದವರೆಗೆ ಅಲೆಅಲೆಯಾಗಿ ಬಿದ್ದುಕೊಂಡಿತ್ತು. ಹುಲ್ಲು ಬೇರಿನವರೆಗೆ ಮೇಯ್ದುಹೋಗಿ ನೆಲದ ಎಲುಬು ಕಾಣುತ್ತಿತ್ತು. ಅಲ್ಲಲ್ಲಿ ಕಲ್ಲು ಪೇರಿಸಿದ ಗಿಡ್ಡ ಗೂಡುಗಳು, ಅವುಗಳ ಮುಂದೆ ಮುಳ್ಳಿನ ದೊಡ್ಡಿಗಳು. ಒಂದು ದೊಡ್ಡಿಯ ಆಚೆ ಸುಣ್ಣ ಚೆಲ್ಲಿದ ಉದ್ದನೆಯ ಗುಂಡಿ. ಸುಣ್ಣದಡಿಯಿಂದ ಕುರಿಯ ಗೊರಸೊಂದು ಹೊರಗೆ ಚಾಚಿತ್ತು. ಬಯಲಿನ ಕೊನೆಗೆ, ಒಂಟಿಯಾಗಿ, ಕಲ್ಲುದಿಬ್ಬದ ಸಾಲೊಂದು ಮೋಡಕ್ಕೆ ತಲೆ ಕೊಟ್ಟು ನಿಂತಿತ್ತು.

ಮಾರನೆಯ ದಿನ ಬೆಳಕು ಹರಿದಾಗಿನಿಂದ ಲಸಿಕೆ ನಡೆಯಿತು. ಮೇಸ್ತ್ರಿ ಕುರಿ ಹಿಡಿದುಕೊಟ್ಟ, ಭಾವ ಹಾಕಿಸಿಕೊಂಡವುಗಳ ಬೆನ್ನಿಗೆ ನೀಲಿ ಗೆರೆ ಎಳೆದ, ಡಾಕ್ಟರಮ್ಮ ಸೊಂಟ ನೆಟ್ಟಗೆ ಮಾಡದೆ ಚುಚ್ಚಿದರು. ಮಧ್ಯಾಹ್ನ ಕಳೆಯುವುದರೊಳಗೆ ಮೂರು ಹಿಂಡು ಮುಗಿಯಿತು. ಮೂರು ಟ್ರೇ ಬರಿದಾದವು.

ನಾಲ್ಕನೆಯ ಹಿಂಡು ಒಬ್ಬ ಅಜ್ಜಿಯದು. ಬಯಲಿನ ದೂರದ ತುದಿಯಿಂದ ಬಂದವಳು, ಹಿಂಡನ್ನು ಇತರ ಕುರಿಗಳ ಗಾಳಿಯೂ ಸೋಕದಷ್ಟು ಆಚೆ ನಿಲ್ಲಿಸಿ, ತಾನೊಬ್ಬಳೇ ಕೋಲೂರಿಕೊಂಡು ಬಂದಳು.

ಡಾಕ್ಟರಮ್ಮ ಅವಳನ್ನು ಕಲ್ಲಿನ ಮೇಲೆ ಕೂರಿಸಿದರು. "ಅಜ್ಜಿ, ಮದ್ದು ಮೂರು ಹಿಂಡಿಗಷ್ಟೇ ಆಯ್ತು. ನಿಮ್ಮ ಕುರಿಗಳಿಗೆ ಇನ್ನೂ ರೋಗ ತಗಲಿಲ್ಲ. ಈಗಲೇ ಅವನ್ನ ಆ ಕಲ್ಲುದಿಬ್ಬದ ಮೇಲೆ ಹೊಡ್ಕೊಂಡು ಹೋಗಿ. ಮಳೆಗಾಲ ಮುಗಿಯೋವರೆಗೆ ಕೆಳಗೆ ಬಿಡಬೇಡಿ. ಯಾವ ಹಿಂಡಿನ ಜೊತೆಗೂ ಸೇರಿಸಬೇಡಿ."

"ದಿಬ್ಬದ ಮೇಲೆ ಏನ್ ಮೇಯ್ತಾವೆ? ಕಲ್ಲಾ?"

ಡಾಕ್ಟರಮ್ಮ ಬರಿದಾದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿದರು.

"ನಾಲ್ಕು ಹಿಂಡಿಗೂ ತರ್ತೀವಿ ಅಂತ ಹೇಳಿ ಕಳಿಸಿದ್ರಲ್ಲ."

"ದಾರೀಲಿ ಒಂದು ಪಾಲು ಕೆಟ್ಟೋಯ್ತು ಅಜ್ಜಿ," ಎಂದ ಭಾವ ನಡುವೆ ಬಾಯಿ ಹಾಕಿ. "ದಾರಿ ಅಂದ್ರೆ ದಾರೀನಾ ಅದು? ದೇವರೇ ಗತಿ."

"ದಾರಿ ನಾನು ಹುಟ್ಟಿದಾಗಿಂದ ಹಾಗೇ ಇದೆ," ಎಂದಳು ಅಜ್ಜಿ.

ಮೇಸ್ತ್ರಿ ಕೈಯಲ್ಲಿದ್ದ ಕುರಿಯನ್ನು ಬಿಟ್ಟು ಎದುರಿಗೆ ಬಂದ. "ದಾರಿ ತಪ್ಪಲ್ಲ ಅಜ್ಜಿ. ಗಾಡಿ ವೈರಿಂಗ್ ಮಾಡಿದವನು ನಾನು. ಒಂದು ಪಟ್ಟಿ ನೋಡಬೇಕಿತ್ತು, ನೋಡ್ಲಿಲ್ಲ. ನಿಮ್ಮ ಪಾಲು ಅದರಿಂದ ಹೋಯ್ತು."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಿಂಗೆ ಎಣಿಸೋಕೆ ಬರುತ್ತಾ?"

"ಬರುತ್ತೆ."

"ನನ್ನ ಹತ್ರ ಇವತ್ತು ಮುನ್ನೂರಾ ಎಂಬತ್ತಾರು ಇವೆ. ಮಳೆ ಬಿಟ್ಟ ಮೇಲೆ ಬಾ. ಎಷ್ಟು ಉಳಿದವೆ ಅಂತ ನೀನೇ ಎಣಿಸು. ನಾನು ಎಣಿಸಲ್ಲ."

ಕೋಲೂರಿ ಎದ್ದು, ಬಂದ ದಾರಿಯಲ್ಲೇ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಹಿಂಡು ಕಲ್ಲುದಿಬ್ಬದ ಕಡೆಗೆ ಒಂದು ಬಿಳಿಯ ಗೆರೆಯಾಗಿ ಸರಿಯತೊಡಗಿತು. ಮೇಸ್ತ್ರಿ ಅದು ಮಂಜಿನಲ್ಲಿ ಕರಗುವವರೆಗೆ ನಿಂತಿದ್ದ.

ಮೂರನೆಯ ದಿನ ಇಳಿಯುವಾಗ ಮಳೆ ಹಿಡಿಯಿತು. ಮೊದಲು ಧೂಳಿನ ವಾಸನೆ, ಆಮೇಲೆ ನಾಲ್ಕು ದಪ್ಪ ಹನಿ, ಆಮೇಲೆ ಕಾಡೇ ಕಾಣದ ಹಾಗೆ. ಹಳ್ಳದ ಸದ್ದು ಅರ್ಧ ಮೈಲಿ ದೂರಕ್ಕೇ ಕೇಳಿಸಿತು.

ನೀರು ಕೆಂಪಗೆ ಸೊಂಟದಷ್ಟು ಬಂದಿತ್ತು. ಇನ್ನೊಂದು ಗಂಟೆ ಕಾದರೆ ಎದೆಯಷ್ಟಾಗುತ್ತದೆ. ವಿಂಚು ಬಂಪರಿನ ಮೇಲೆ ಬರೀ ಕಬ್ಬಿಣದ ಮುದ್ದೆಯಾಗಿ ಕೂತಿತ್ತು.

"ಈಗ ಹೇಳು ಭಾಮೈದ."

"ಅದರ ಉಕ್ಕಿನ ಹಗ್ಗ ಇದೆಯಲ್ಲ. ಗಾಣ ತಿರುಗಿಸೋಣ."

ಡಾಕ್ಟರಮ್ಮ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಮೊದಲು ದಾಟಿದರು. ಎರಡು ಸಲ ಕಾಲು ತಪ್ಪಿತು, ಎರಡು ಸಲ ಎದ್ದರು. ಮೇಸ್ತ್ರಿ ಎರಡು ಮರದ ತುಂಡು ಹೊತ್ತು ಹಿಂದೆಯೇ ದಾಟಿದ. ಆಚೆ ದಡದ ದೊಡ್ಡ ಮರಕ್ಕೆ ಉಕ್ಕಿನ ಹಗ್ಗದ ತುದಿ ಬಿಗಿದರು. ಜೀಪಿಗೂ ಮರಕ್ಕೂ ನಡುವೆ ಒಂದು ತುಂಡನ್ನು ಗೂಟದಂತೆ ನೆಟ್ಟಗೆ ನಿಲ್ಲಿಸಿದರು. ಇನ್ನೊಂದನ್ನು ಹಗ್ಗದ ಕುಣಿಕೆಯಲ್ಲಿ ಅಡ್ಡ ತೂರಿಸಿ, ಗೂಟದ ಸುತ್ತ ತಿರುಗಿಸಿದರೆ ಹಗ್ಗ ಅದಕ್ಕೆ ಸುತ್ತಿಕೊಂಡು ಗಾಡಿಯನ್ನು ಎಳೆಯಬೇಕು.

ಭಾವ ಜೀಪನ್ನು ನೀರಿಗಿಳಿಸಿದ.

ಡಾಕ್ಟರಮ್ಮ ಗೂಟ ಅಪ್ಪಿ ಹಿಡಿದರು. ಮೇಸ್ತ್ರಿ ಅಡ್ಡತುಂಡಿಗೆ ಎದೆ ಕೊಟ್ಟು ತಿರುಗಿದ. ಒಂದು ಸುತ್ತು. ಎರಡು. ಹಗ್ಗ ಬಿಗಿಯಿತು. ಹತ್ತನೆಯ ಸುತ್ತಿಗೆ ಜೀಪು ಹಳ್ಳದ ನಡುವಿಗೆ ಬಂತು.

ಅಲ್ಲಿ ಇಂಜಿನ್ನು ನಿಂತಿತು.

ನೀರು ಬಾಗಿಲಿಗೆ ಬಡಿಯುತ್ತಿತ್ತು. ಜೀಪಿನ ಹಿಂಭಾಗ ನಿಧಾನಕ್ಕೆ ಕೆಳಗಡೆಗೆ ತಿರುಗತೊಡಗಿತು.

"ಹೊಡೀರಿ ಭಾವ! ಸೆಲ್ಫ್ ಹೊಡೀರಿ!"

ಮೇಸ್ತ್ರಿ ಅಡ್ಡತುಂಡನ್ನು ಬಿಡುವ ಹಾಗಿರಲಿಲ್ಲ. ಅವನ ತಲೆಯೊಳಗೆ ಕೊಕ್ಕೆ ಬಾಗಿಸಿದ ನಾಲ್ಕು ತುದಿಗಳೂ ಒಂದೊಂದಾಗಿ ಬಂದು ಹೋದವು. ವಾಷರ್ ಹಾಕಿದ್ದೆ. ಉಜ್ಜಿದ್ದೆ. ಬಿಗಿದಿದ್ದೆ. ಬಿಗಿದಿದ್ದೆನೇ?

ಸೆಲ್ಫ್ ಒಂದೇ ಸಲಕ್ಕೆ ಗಿರ್ರನೆ ತಿರುಗಿತು. ಇಂಜಿನ್ನು ಹಿಡಿಯಿತು. ಹೊಗೆಕೊಳವೆ ನೀರಿನೊಳಗಿಂದ ಬುಸುಬುಸು ಎಂದಿತು.

"ತಿರುಗಿ!" ಎಂದು ಡಾಕ್ಟರಮ್ಮ ಕೂಗಿದರು.

ಅವನು ತಿರುಗಿದ. ಕೆಸರಿನಲ್ಲಿ ಮೊಣಕಾಲೂರಿ ಬಿದ್ದು, ಎದ್ದು ಮತ್ತೆ ತಿರುಗಿದ. ಎಷ್ಟು ಸುತ್ತು ಎಂಬ ಲೆಕ್ಕ ತಪ್ಪಿತು. ಜೀಪಿನ ಮುಂದಿನ ಗಾಲಿಗಳು ಜಲ್ಲಿ ಹಿಡಿದಾಗ ಹಗ್ಗ ಒಮ್ಮೆಲೇ ಸಡಿಲಾಗಿ, ಗೂಟ, ಡಾಕ್ಟರಮ್ಮ, ಮೇಸ್ತ್ರಿ ಮೂವರೂ ಒಂದೇ ರಾಶಿಯಾಗಿ ಬಿದ್ದರು.

ಭಾವ ಇಳಿದು ಬಂದು ಇಬ್ಬರನ್ನೂ ನೋಡಿದ. "ಗಾಣಕ್ಕೆ ಒಳ್ಳೇ ಎತ್ತು ಸಿಕ್ಕಿದೆ," ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಭಾಮೈದನ ತೋಳು ಹಿಡಿದು ಎಬ್ಬಿಸಿ, ಆ ತೋಳನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಹಿಂದೆ ಹಳ್ಳ ದಡ ತುಂಬಿ ಹರಿಯತೊಡಗಿತ್ತು. ಇನ್ನು ಮೂರು ತಿಂಗಳು ಅದನ್ನು ದಾಟುವವರಿಲ್ಲ, ಆಚೆಯಿಂದಲೂ, ಈಚೆಯಿಂದಲೂ.

ಊರು ಸೇರಿದಾಗ ಇನ್ನೂ ಸಂಜೆ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರಮ್ಮ ಇಳಿದು, ಒದ್ದೆ ಚೀಲ ಹೆಗಲಿಗೇರಿಸಿ, "ಸಾವಿರದ ಇನ್ನೂರು ಕುರಿ ಮೇಸ್ತ್ರಿ. ಅದು ಸಣ್ಣದಲ್ಲ," ಎಂದರು. ಮೇಸ್ತ್ರಿ ತಲೆಯಾಡಿಸಿದ.

ಮನೆಯ ಮುಂದೆ ಅಕ್ಕ ನಿಂತಿದ್ದಳು. ಗಂಡನ ಅಂಗೈ ನೋಡಿದಳು, ತಮ್ಮನ ಗೆಣ್ಣು ನೋಡಿದಳು. ಇಬ್ಬರಿಗೂ ಒಂದೊಂದು ಒಣ ಬಟ್ಟೆ ಕೊಟ್ಟಳು.

"ಹೋದ ಕೆಲಸ ಆಯ್ತಾ?"

ಭಾವ ಮೇಸ್ತ್ರಿಯ ಕಡೆ ನೋಡಿದ.

"ಮುಕ್ಕಾಲು ಆಯ್ತು," ಎಂದ ಮೇಸ್ತ್ರಿ.

"ಉಳಿದ ಕಾಲು?"

"ಅದು ನನ್ನ ಮೇಲಿದೆ ಅಕ್ಕ. ಮಳೆ ಬಿಟ್ಟ ಮೇಲೆ ಹೋಗ್ಬೇಕು."

ಅವನು ಬಟ್ಟೆಯನ್ನು ತಲೆಗೆ ಹಾಕಿಕೊಂಡು ಜಗುಲಿಯ ಮೇಲೆ ಕುಳಿತ. ಮಳೆ ಬಿಡುವ ಲಕ್ಷಣವೇ ಇರಲಿಲ್ಲ.